ಹೆಳವಜ್ಜ ಓದದೆ ಬಿಟ್ಟ ಎರಡು ಹಾಳೆ

ಆತನ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಎತ್ತಿನ ಗೊರಸಿಗೆ ಸಿಕ್ಕು ಹೋಯಿತಂತೆ. ಉಗುರಿದ್ದ ಜಾಗದಲ್ಲಿ ನುಣ್ಣನೆಯ, ತುಸು ಹೊಳೆಯುವ ಚರ್ಮ. ಆ ಬೆರಳನ್ನು ನಾಲಿಗೆಗೆ ತಾಗಿಸಿ ಪುಸ್ತಕದ ಹಾಳೆ ತಿರುವುತ್ತಿದ್ದ. ಚಿಕ್ಕವಳಿದ್ದಾಗ ನಾನು ಆತನ ಬಾಯಿಂದ ಬರುವ ಹೆಸರುಗಳಿಗಿಂತ ಆ ಬೆರಳನ್ನೇ ಹೆಚ್ಚು ನೋಡುತ್ತಿದ್ದೆ. ಹಾಗಾಗಿ ಮನೆಯಲ್ಲಿ ಬೇರೆ ಯಾರಿಗೂ ತಿಳಿಯದ ಒಂದು ಸಂಗತಿ ನನಗೆ ತಿಳಿಯಿತು. ಪ್ರತಿ ಸಲವೂ, ಒಂದೇ ಜಾಗಕ್ಕೆ ಬಂದಾಗ, ಆತ ಎರಡು ಹಾಳೆಗಳನ್ನು ಕೂಡಿಸಿ ತಿರುವಿಬಿಡುತ್ತಿದ್ದ.

ನಮ್ಮ ಕಡೆ ಹೆಳವರೆಂದರೆ ಮನೆತನದ ವಂಶ ಹೇಳುವವರು. ಇಂಥ ಹೆಳವನಿಗೆ ಇಂಥಿಂಥ ಮನೆಗಳು ಎಂದು ಹಿಂದಿನಿಂದಲೂ ಹಂಚಿಕೆಯಾಗಿದೆ. ಎರಡು ಮೂರು ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಬಂದು, ಅಂಗಳದಲ್ಲಿ ಕೂತು, ಮೂಲಪುರುಷನಿಂದ ಹಿಡಿದು ತೊಟ್ಟಿಲಲ್ಲಿರುವ ಕೂಸಿನವರೆಗೆ ಹೆಸರು ಓದುತ್ತಾರೆ. ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರು ಬರೆದುಕೊಳ್ಳುತ್ತಾರೆ. ಹೆಣ್ಣುಮಕ್ಕಳನ್ನು ಬರೆಯುವುದಿಲ್ಲ, ಅವರು ಹೇಗೂ ಬೇರೆ ಮನೆಗೆ ಹೋಗುವವರು. ಕಾಳು, ಬಟ್ಟೆ ಕಟ್ಟಿಕೊಂಡು ಮುಂದಿನ ಮನೆಗೆ ನಡೆಯುತ್ತಾರೆ. ನಮ್ಮ ಹೆಳವಜ್ಜ ಯಮಕನಮರಡಿ ಕಡೆಯವನು. ಮೊದಲು ಎತ್ತಿನ ಮೇಲೆ ಬರುತ್ತಿದ್ದ. ಎತ್ತು ಸತ್ತ ಮೇಲೆ ಗೋಕಾಕದ ತನಕ ಬಸ್ಸಿಗೆ, ಅಲ್ಲಿಂದ ನಮ್ಮ ಮಸಗುಪ್ಪಿಗೆ ಸಿಕ್ಕ ಗಾಡಿಗೆ. ಕೂತ ಕೂಡಲೇ ಕಾಲ ಮೇಲೆ ಕಂಬಳಿ ಹೊದ್ದುಕೊಂಡು ಗಂಟೆ ಬಾರಿಸುತ್ತಿದ್ದ. ಓದು ಮುಗಿಯುವವರೆಗೆ ಆತನ ಕಾಲು ಯಾರಿಗೂ ಕಾಣಿಸಬಾರದು, ಅದು ಅವರ ಪದ್ಧತಿ.

ನಾನು ಗೋಕಾಕದಲ್ಲಿ ಪ್ರೌಢಶಾಲೆ ಶಿಕ್ಷಕಿ. ವಿಜ್ಞಾನ ಕಲಿಸುತ್ತೇನೆ. ನನ್ನ ಹಾಜರಿ ಪುಸ್ತಕ ತೆರೆದರೆ ಅರ್ಧ ಅಡುಗೆಮನೆ, ಅರ್ಧ ಸಂತೆ. ಉಳ್ಳಾಗಡ್ಡಿ ಇದ್ದಾನೆ, ಮೆಣಸಿನಕಾಯಿ ಇದ್ದಾಳೆ, ಬೆಲ್ಲದ ದಿನಾ ತಡವಾಗಿ ಬರುತ್ತಾನೆ. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಶಿಕ್ಷಕರು ಮೊದಲ ದಿನ ನಗು ತಡೆಯಲಾರದೆ ಹೊರಗೆ ಹೋಗುತ್ತಾರೆ. ನನಗೆ ನಗು ಬರುವುದಿಲ್ಲ. ಅಡ್ಡಹೆಸರಿನ ವಿಷಯದಲ್ಲಿ ನನಗೆ ಹೆಳವಜ್ಜನೇ ಮೇಷ್ಟ್ರು. "ಅಡ್ಡಹೆಸರ ಯಾರೂ ತಾವ ಇಟ್ಟಕೊಂಡಿದ್ದಲ್ಲವ್ವಾ. ಮಂದಿ ಇಟ್ಟಿದ್ದು. ಮಂದಿ ಸುಮ್‌ಸುಮ್ನ ಏನೂ ಇಡಂಗಿಲ್ಲ," ಎನ್ನುತ್ತಿದ್ದ.

ನಮ್ಮ ಅಡ್ಡಹೆಸರು ಹಗೇದ. ಹಗೇವು ಎಂದರೆ ನೆಲದೊಳಗೆ ಬಾವಿಯಂತೆ ತೋಡಿ ಜೋಳ ತುಂಬಿಡುವ ಕಣಜ. ಈಗ ಯಾರ ಮನೆಯಲ್ಲೂ ಇಲ್ಲ. ನಮ್ಮ ಹಿರಿಯರ ಹಗೇವು ಊರಿಗೇ ದೊಡ್ಡದಿತ್ತು, ಅದಕ್ಕೆ ಈ ಹೆಸರು ಬಂತು ಎಂದು ಅಪ್ಪ ಎದೆಯುಬ್ಬಿಸಿ ಹೇಳುತ್ತಿದ್ದ. ಹೆಳವಜ್ಜ ಹೌದು ಎನ್ನುತ್ತಿರಲಿಲ್ಲ, ಅಲ್ಲ ಎನ್ನುತ್ತಲೂ ಇರಲಿಲ್ಲ. ಓದು ಮುಗಿಸಿ ಕೊನೆಗೆ ಮನೆಗಳ ಎಣಿಕೆ ಹೇಳುತ್ತಿದ್ದ. "ಮೊದಲ ಒಂಬತ್ತ ಮನಿ ಇದ್ರಿ. ನನ್ನ ಅಪ್ಪನ ಕಾಲಕ್ಕ ಐದ. ಈಗ ಮೂರ ಮನಿ." ಅಪ್ಪನಿಗೆ ಈ ಲೆಕ್ಕ ಸೇರುತ್ತಿರಲಿಲ್ಲ, ಎದ್ದು ದನದ ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ.

ಒಂದು ಸಲ ನಾನು ಮತದಾರರ ಪಟ್ಟಿಯನ್ನೆಲ್ಲ ಮೊಬೈಲಿನಲ್ಲಿ ಜಾಲಾಡಿ, "ಖರೆ ಐತಿ ಅಜ್ಜಾ, ಮೂರ ಮನಿನ," ಎಂದೆ.

"ನಿನ್ನ ಫೋನಿಗೆ ಇದ್ದವರಷ್ಟ ಗೊತ್ತವ್ವಾ. ನನಗ ಇಲ್ಲದವರೂ ಗೊತ್ತು," ಎಂದ.

ಆ ಹಾಳೆಗಳ ಬಗ್ಗೆ ಕೇಳಿದ್ದು ಒಂದೇ ಸಲ. ಆಗ ನನಗೆ ಹತ್ತು ವರ್ಷವಿರಬೇಕು. "ಅಜ್ಜಾ, ಎರಡ ಹಾಳಿ ಬಿಟ್ಟಿ," ಎಂದು ಕೈ ಚಾಚಿದೆ. ಯಾರಿಗೂ ಗದರದ ಮನುಷ್ಯ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಒತ್ತಿ ಹಿಡಿದ. "ಅಂಟಕೊಂಡಾವು," ಎಂದ. ಅಂಟಿಕೊಂಡಿರಲಿಲ್ಲ. ಹಾಳೆಯ ಅಂಚುಗಳು ಬೇರೆ ಬೇರೆಯಾಗಿ ಕಾಣುತ್ತಿದ್ದವು. ಆಮೇಲೆ ಆ ದಿನವಿಡೀ ಆತ ನನ್ನ ಮುಖ ನೋಡಲಿಲ್ಲ.

ನನ್ನ ಮದುವೆ ಗೊತ್ತಾದದ್ದು ಎಂಟು ವರ್ಷದ ಹಿಂದೆ. ಹುಡುಗ ಹುಕ್ಕೇರಿ ಕಡೆಯವನು, ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ. ಅವರ ಅಡ್ಡಹೆಸರು ಕಂದೀಲ. ಹಿರಿಯರು ಮಠದ ಪಲ್ಲಕ್ಕಿಯ ಮುಂದೆ ಕಂದೀಲು ಹಿಡಿಯುತ್ತಿದ್ದರಂತೆ, ಹಾಗೆ ಬಂದ ಹೆಸರು ಎಂದು ಅವನ ತಂದೆ ಮಾತುಕತೆಯ ದಿನ ಹೇಳಿದರು. ನಮ್ಮದು ಒಣಗುತ್ತ ಬಂದ ಮನೆತನವಾದರೆ ಅವರದು ಹಬ್ಬಿದ್ದು. ಆ ಊರಿನಲ್ಲಿ ಒಂದು ಓಣಿಯ ತುಂಬ ಕಂದೀಲರೇ. ಬೆಡಗು ಕೇಳಿದರು. ಒಂದೇ ಬೆಡಗಿನವರೆಂದರೆ ಒಂದೇ ಬಳ್ಳಿಯವರು, ಅಣ್ಣ ತಂಗಿ ಇದ್ದಂತೆ, ಹೆಣ್ಣು ಕೊಟ್ಟು ತರುವಂತಿಲ್ಲ. ನಮ್ಮದು ಬೇರೆ, ಅವರದು ಬೇರೆ. ಸಕ್ಕರೆ ಹಂಚಿದರು.

ಹುಡುಗನನ್ನು ನಾನು ಮೆಚ್ಚಿದ್ದೆ. ಮುಚ್ಚಿಡುವುದೇನಿದೆ? ಮೂರು ತಿಂಗಳು ದಿನಾ ಸಂಜೆ ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡಿದೆವು. "ನೀವು ಮಾತಾಡೂ ಧಾಟಿಗೆ ನನಗ ಹೋಂವರ್ಕ್ ಮಾಡೇನೋ ಇಲ್ಲೋ ಅಂತ ಅಂಜಿಕಿ ಬರತೈತ್ರಿ ಟೀಚರ್," ಎನ್ನುತ್ತಿದ್ದ. ಅಷ್ಟಕ್ಕೇ ನಾನು ಒಬ್ಬಳೇ ಕೂತು ನಗುತ್ತಿದ್ದೆ.

ಲಗ್ನಪತ್ರಿಕೆ ಅಚ್ಚಾಗಿ ಬಂದ ವಾರದಲ್ಲಿ ಹೆಳವಜ್ಜ ಬಂದ. ಆತ ಬರುವ ಕಾಲವೇ ಅಲ್ಲ ಅದು. ಹೊಲದಲ್ಲಿ ಇನ್ನೂ ಬೆಳೆ ನಿಂತಿತ್ತು. ಗಂಟೆ ಬಾರಿಸಲಿಲ್ಲ. ಕಟ್ಟೆಯ ಮೇಲೆ ಕೂತು, "ಎಲ್ಲಿಗೆ ಕೊಟ್ರಿ ಯಪ್ಪಾ?" ಎಂದು ಅಪ್ಪನನ್ನು ಕೇಳಿದ. ಅಪ್ಪ ಊರು ಹೇಳಿ, ಮನೆತನ ಹೇಳಿ, ಪತ್ರಿಕೆ ಕೈಗಿತ್ತ. ಹೆಳವಜ್ಜ ಅದನ್ನು ಬಹಳ ಹೊತ್ತು ಹಿಡಿದುಕೊಂಡೇ ಕೂತ.

"ಪುಸ್ತಕ ತಗೀ ಅಜ್ಜಾ, ಬೀಗರು ಬರೂ ಮುಂಚೆ ನಮ್ಮ ಹಿರ್‍ಯಾರ ಹೆಸರ ಒಮ್ಮೆ ಕೇಳೂಣು," ಎಂದ ಅಪ್ಪ.

"ಇವತ್ತ ಬ್ಯಾಡ."

ಅವ್ವ ಮೊರದಲ್ಲಿ ಜೋಳ ತಂದಳು. ಮುಟ್ಟಲಿಲ್ಲ. ಚಹಾ ಕೊಟ್ಟರೆ ಅದನ್ನೂ ಒಲ್ಲೆ ಎಂದ. ಕಂಬಳಿ ಹೆಗಲಿಗೆ ಹಾಕಿಕೊಂಡು, ಯಾರಿಗೂ ಹೇಳದೆ ಕೇಳದೆ, ದಾರಿ ಹಿಡಿದ. ಅವ್ವ ಮೊರ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. "ಹೆಳವ ಬರಿಗೈಲೆ ಹೋದ್ರ ಮನಿಗೆ ಚಲೋ ಅಲ್ಲ," ಎಂದಳು. ಅಪ್ಪ ನಕ್ಕು, "ವಯಸ್ಸಾತು, ತಲಿ ಕೆಟ್ಟೈತಿ," ಎಂದ.

ಮರುದಿನ ಗೋಕಾಕದಲ್ಲಿ ಶಾಲೆ ಬಿಟ್ಟಾಗ ಗೇಟಿನ ಹೊರಗೆ ಆತ ಕೂತಿದ್ದ. ಮಕ್ಕಳೆಲ್ಲ ಹೋಗುವ ತನಕ ಕಾದು, ನನ್ನ ಹಿಂದೆ ಖಾಲಿ ವರ್ಗದ ಕೋಣೆಗೆ ಬಂದ. ಬೆಂಚಿನ ಮೇಲೆ ಕೂರಲಿಲ್ಲ. ಕರಿಹಲಗೆಯ ಕೆಳಗೆ ನೆಲದ ಮೇಲೆ ಕೂತು, ಕಾಲ ಮೇಲೆ ಕಂಬಳಿ ಹೊದ್ದು, ಕೆಂಪು ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಬಿಚ್ಚಿದ.

"ಬಾಗಲಾ ಹಾಕವ್ವಾ," ಎಂದ. ಹಾಕಿದೆ.

"ಈ ಎರಡ ಹಾಳಿ ಓದಬಾರದಂತ ನನ್ನ ಮುತ್ಯಾನ ಮುತ್ಯಾಗ ಆಣಿ ಹಾಕ್ಯಾರ. ಪುಸ್ತಕದಾಗ ಹೆಸರಿದ್ದ ಯಾರ ಮುಂದೂ ಓದಂಗಿಲ್ಲ. ನಿನ್ನ ಅಪ್ಪನ ಹೆಸರೈತಿ, ಅಣ್ಣನ ಹೆಸರೈತಿ. ಕಂದೀಲರ ಮನಿನೂ ನನ್ನ ಪಾಲಿಂದ, ಆ ಹುಡುಗನ ಹೆಸರೂ ನಾನ ಬರದೇನಿ. ನಿಂದು ಇಲ್ಲ. ಇಡೀ ರಾತ್ರಿ ಕುಂತು ವಿಚಾರ ಮಾಡಿದೆ. ನಿನ್ನ ಮುಂದ ಓದಿದ್ರ ಆಣಿ ಮುರಿಯಂಗಿಲ್ಲ."

ನಂತರ ಓದಿದ. ಅಂಗಳದಲ್ಲಿ ಓದುವ ರಾಗವಿರಲಿಲ್ಲ, ಬರೀ ಮಾತು.

ಮಸಗುಪ್ಪಿಯಲ್ಲಿ ಅಣ್ಣ ತಮ್ಮ ಇದ್ದರು. ಮಳೆಗಾಲಕ್ಕೆ ಮುಂಚೆ ಹಗೇವು ತೆರೆದರು. ಬಾಯಿ ತೆರೆದ ಕೂಡಲೇ ಹಗೇವಿಗೆ ಯಾರೂ ಇಳಿಯುವುದಿಲ್ಲ, ಒಳಗಿನ ಗಾಳಿ ಕೆಟ್ಟಿರುತ್ತದೆ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ಅದು ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ಕಂದೀಲಿನ ಕೆಲಸ ತಮ್ಮನದು. ಇಳಿಸಿ ನೋಡಿದ್ದೇನೆ, ಉರಿಯುತ್ತಿದೆ ಎಂದ. ಅಣ್ಣ ಇಳಿದ. ಎಷ್ಟು ಕೂಗಿದರೂ ಉತ್ತರ ಬರಲಿಲ್ಲವೆಂದು ಅಣ್ಣನ ಹಿರಿಮಗ ಇಳಿದ. ಇಬ್ಬರನ್ನೂ ಕೊಕ್ಕೆ ಹಾಕಿ ಎಳೆದು ಹೊರಗೆ ತೆಗೆದರು.

"ಆಮ್ಯಾಲ ಮಂದಿ ಕಂದೀಲ ಅಳ್ಳಾಡಿಸಿ ನೋಡಿದ್ರಂತ. ಒಂದ ಹನಿ ಎಣ್ಣಿ ಇರಲಿಲ್ಲ," ಎಂದು ಹೆಳವಜ್ಜ ನಿಲ್ಲಿಸಿದ.

ತಮ್ಮ ಹೆಂಡತಿಯನ್ನು ಕರೆದುಕೊಂಡು ಹೊಳೆ ದಾಟಿ ಹುಕ್ಕೇರಿ ಕಡೆ ಹೋದ. ಅಲ್ಲಿ ಮಾವನ ಮನೆಯ ಬೆಡಗನ್ನೇ ತನ್ನದೆಂದು ಹೇಳಿಕೊಂಡ. ಮಂದಿ ಇಟ್ಟ ಕಂದೀಲ ಎಂಬ ಅಡ್ಡಹೆಸರು ಮಾತ್ರ ಬೆನ್ನಿಗೆ ಬಿತ್ತು, ಬಂದು ಹೋಗುವ ಮಂದಿಯ ಬಾಯಲ್ಲಿ ಆ ಊರಿಗೂ ಮುಟ್ಟಿತು. ಇತ್ತ ಅಣ್ಣನ ಹೆಂಡತಿ ಬಸುರಿ. ಆಕೆಗೆ ಹುಟ್ಟಿದವನಿಂದ ನಾವು, ಹಗೇದವರು. ಅವನು ದೊಡ್ಡವನಾಗಿ ಕೊಡಲಿ ಹಿಡಿದು ಹೊಳೆ ದಾಟಲು ಹೊರಟಾಗ ಹಿರಿಯರು ತಡೆದರು. ಎರಡೂ ಮನೆಯಲ್ಲಿ ಈ ಮಾತೇ ಅಳಿದುಹೋಗಲಿ, ಹುಟ್ಟುವ ಮಕ್ಕಳಿಗೆ ದ್ವೇಷ ಮುಟ್ಟುವುದು ಬೇಡ ಎಂದು ಹೆಳವನಿಂದ ಆಣೆ ಮಾಡಿಸಿದರು. ಒಳ್ಳೆಯದಕ್ಕೇ ಮಾಡಿಸಿದರು. ದ್ವೇಷ ಮರೆಸಲು ಹೋಗಿ ರಕ್ತಸಂಬಂಧವನ್ನೂ ಮರೆಸಿದ್ದೇವೆ ಎಂದು ಅವರಿಗೆ ಹೊಳೆಯಲಿಲ್ಲ.

"ಎಷ್ಟ ತಲಿ ಆತು ಅಜ್ಜಾ?"

"ನಿಮ್ಮದು ಆರು. ಏಳ ತಲಿ ದಾಟಿದ್ರ ರಕ್ತದ ನಂಟು ಹರೀತು ಅಂತಾರ, ಆಗ ನಾ ಇಲ್ಲೀತನಕ ಬರತಿರಲಿಲ್ಲ."

ಆರು ತಲೆಮಾರಿನ ಹಿಂದಿನ ರಕ್ತ ಇವತ್ತಿಗೆ ಎಷ್ಟು ಉಳಿದಿರುತ್ತದೆ ಎಂದು ಆತನ ತಲೆಯ ಮೇಲಿದ್ದ ಅದೇ ಕರಿಹಲಗೆಯಲ್ಲಿ ನಾನು ಲೆಕ್ಕ ಬಿಡಿಸಿ ತೋರಿಸಬಹುದಿತ್ತು. ಲೆಕ್ಕಕ್ಕೆ ಬರುವಷ್ಟೇನೂ ಉಳಿದಿರುವುದಿಲ್ಲ. ಅದು ಗೊತ್ತಿದ್ದೂ ಅಂದು ಸಂಜೆ ಹುಡುಗ ವಿಡಿಯೋ ಕಾಲ್ ಮಾಡಿದಾಗ, ಮಾತಿನ ನಡುವೆ ಎಡಗಡೆ ಹುಬ್ಬನ್ನಷ್ಟೇ ಮೇಲೆತ್ತುವ ಅವನ ರೂಢಿ ಕಂಡಿತು. ನಮ್ಮಣ್ಣ ಹಾಗೇ ಎತ್ತುತ್ತಾನೆ. ಮೂರು ತಿಂಗಳು ಅದನ್ನೇ ನೋಡಿ ನಾನು ಖುಷಿಪಟ್ಟಿದ್ದೆ. ನನಗೆ ಹೆದರಿಕೆಯಾಯಿತು. ಅದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಯಾವುದೂ ಇಲ್ಲ.

ಅಪ್ಪನಿಗೆ ಹೇಳುವಂತಿರಲಿಲ್ಲ. ಬದುವಿನ ಒಂದು ಗೇಣು ಜಾಗಕ್ಕೆ ಗೋಕಾಕದ ಕೋರ್ಟಿಗೆ ವರ್ಷಗಟ್ಟಲೆ ಅಲೆದ ಮನುಷ್ಯ ಆತ. ಎಣ್ಣೆಯಿಲ್ಲದ ಕಂದೀಲಿನ ಸುದ್ದಿ ಕೇಳಿದರೆ ಮದುವೆ ನಿಂತರಷ್ಟೇ ಸಾಲದು ಎನ್ನುವವನು. ಹಾಗಾಗಿ ಹುಡುಗ ಮನಸಿಗೆ ಬರಲಿಲ್ಲ ಎಂದೆ. ಅಪ್ಪ ಕೈ ಎತ್ತಿದ, ಹೊಡೆಯಲಿಲ್ಲ. "ಪತ್ರಿಕಿ ಹಂಚೇನಿ. ಮಂದಿಗೆ ಯಾವ ಮಾರಿ ತೋರಸ್ಲಿ?" ಎಂದ. ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟ.

ಹುಡುಗ ಶಾಲೆಗೇ ಬಂದ. ಆಫೀಸಿನ ಮುಂದೆ, ಎಲ್ಲ ಶಿಕ್ಷಕರೂ ನೋಡುತ್ತಿರುವಾಗ, ಕೈಯಲ್ಲಿ ಹೆಲ್ಮೆಟ್ ಹಿಡಿದುಕೊಂಡು, "ನಾ ಏನ್ ತಪ್ಪ ಮಾಡೇನ್ರಿ? ಹೇಳಿದ್ರ ತಿದ್ದಕೋತೇನಿ," ಎಂದ. ನಾನು ಬಾಯಿ ಬಿಡಲಿಲ್ಲ. ಅವನ ಹೆಸರು ಪುಸ್ತಕದಲ್ಲಿತ್ತು.

ಗೊತ್ತಾದ ಮದುವೆ ಮುರಿದವಳು ಎಂಬ ಮಾತು ಆಮೇಲೆ ನನಗಿಂತ ಮುಂದೆ ನಡೆಯಿತು. ನನಗೆ ಮದುವೆಯಾಗಲಿಲ್ಲ. ಹೆಳವಜ್ಜನೂ ನಮ್ಮ ಮನೆಗೆ ಬರುವುದನ್ನು ಬಿಟ್ಟ.

ಕಳೆದ ವರ್ಷ ಆತ ಹಾಸಿಗೆ ಹಿಡಿದಿದ್ದಾನೆಂದು ತಿಳಿದು ಯಮಕನಮರಡಿಗೆ ಹೋದೆ. ಗುರುತು ಹಿಡಿದ. ನೀರು ಕುಡಿಸಿದೆ. ಎಷ್ಟೋ ವರ್ಷದಿಂದ ನುಂಗಿಕೊಂಡಿದ್ದ ಮಾತು ನನ್ನ ಬಾಯಿಗೆ ಬಂತು.

"ಅಜ್ಜಾ, ಕಂದೀಲದಾಗ ಎಣ್ಣಿ ಇರಲಿಲ್ಲ ಅನ್ನೂದು ಖರೆ ಏನು?"

"ಬರದವರು ನಮ್ಮವರು. ಬರಿಸಿದವರು ನಿಮ್ಮವರು. ಆ ತಮ್ಮಗ ಯಾರೂ ಏನೂ ಕೇಳಲಿಲ್ಲ," ಎಂದ. ಇನ್ನೊಂದು ಗುಟುಕು ನೀರು ಕುಡಿದು, "ಅಣ್ಣ ತಮ್ಮ ಆಗಿದ್ದಷ್ಟ ಖರೆ," ಎಂದ.

"ನೀ ನನಗ ಹೇಳದಿದ್ರ ಏನಾಗತಿತ್ತು?"

ಆತ ಮುಖ ತಿರುಗಿಸಲಿಲ್ಲ, ನೇರ ನನ್ನನ್ನೇ ನೋಡಿದ. "ಹೇಳದಿದ್ರ ನೀ ಸುಖದಿಂದ ಇರತಿದ್ದೆವ್ವಾ. ನಾ ಇರತಿರಲಿಲ್ಲ."

ನನಗೆ ಸಿಟ್ಟು ಬಂತು. ಎದ್ದು ಹೋಗಿಬಿಡಬೇಕೆನಿಸಿತು. ಹೋಗಲಿಲ್ಲ, ಸಂಜೆಯ ತನಕ ಅಲ್ಲೇ ಕೂತು ಆತನ ಕಾಲು ಒತ್ತಿದೆ. ಸುಳ್ಳು ಹೇಳಿ ನನ್ನನ್ನು ಸಮಾಧಾನ ಮಾಡದಿದ್ದವನು ಆತನೊಬ್ಬನೇ. ಆ ಋಣ ನನ್ನ ಮೇಲಿದೆ. ಇಳಿಸಿಕೊಳ್ಳುವ ಮನಸ್ಸು ಬರುತ್ತದೆ, ದಾರಿ ಗೊತ್ತಿಲ್ಲ.

ಎಂಟು ದಿನಕ್ಕೆ ತೀರಿಕೊಂಡ. ಮಗ ಹೆದ್ದಾರಿಯಲ್ಲಿ ಲಾರಿ ಓಡಿಸುತ್ತಾನೆ. ಅಪ್ಪ ಬರೆಯುತ್ತಿದ್ದ ಹಳೇ ಮೋಡಿ ಲಿಪಿ ಅವನಿಗೆ ಓದಲು ಬರುವುದಿಲ್ಲ, ಮನೆಯಲ್ಲಿ ಮತ್ಯಾರಿಗೂ ಬರುವುದಿಲ್ಲ. ಮಣ್ಣು ಮಾಡುವ ದಿನ, ಆತ ಹೆಸರು ಓದುತ್ತಿದ್ದ ಮನೆಗಳಿಂದೆಲ್ಲ ಮಂದಿ ಬಂದಿದ್ದರು. ಮಸಗುಪ್ಪಿಯಿಂದ ನಮ್ಮಪ್ಪ, ಹುಕ್ಕೇರಿ ಕಡೆಯಿಂದ ಕಂದೀಲರ ಯಜಮಾನರು, ಅವರ ಮಗ. ಮದುವೆ ಮುರಿದಂದಿನಿಂದ ಆ ಹಿರಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಅಂದೂ ನೋಡಲಿಲ್ಲ. ಕುಣಿಯ ಈ ದಂಡೆಗೆ ಒಬ್ಬರು, ಆ ದಂಡೆಗೆ ಒಬ್ಬರು ನಿಂತು, ಬಗ್ಗಿ, ಹಿಡಿ ಮಣ್ಣು ಹಾಕಿದರು. ಅವರು ಆ ಅಣ್ಣ ತಮ್ಮಂದಿರ ವಂಶದವರೆಂದು ಅಲ್ಲಿ ನೆರೆದಿದ್ದ ಮಂದಿಯಲ್ಲಿ ಬಲ್ಲವಳು ನಾನೊಬ್ಬಳೇ ಉಳಿದಿದ್ದೆ.