ಹೋಗಿ ಬರುವಷ್ಟು ಪೆಟ್ರೋಲು

ಅರಸೀಕೆರೆಯ ಸ್ಟೇಷನ್ ರಸ್ತೆಗೆ ಇನ್ನೂ ಬೆಳಕು ಹರಿದಿಲ್ಲ. ಮರುಳಪ್ಪ ಮೋಟಾರ್ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಟ್ಯಾಂಕಿನೊಳಗೆ ಪೊರಕೆಕಡ್ಡಿ ಇಳಿಸಿ, ಒದ್ದೆಯಾದಷ್ಟನ್ನು ಹೆಬ್ಬೆರಳಿನಿಂದ ಅಳೆಯುತ್ತಾರೆ.

“ಏನ್ಲಾ, ಇವತ್ತು ಯಾವೂರ್ಗೆ ಅಳು ಹೊತ್ಕಂಡು ಹೊಂಟೆ?” ಟೀ ಅಂಗಡಿಯ ಕೆಂಚಪ್ಪ ಕೇಳುತ್ತಾರೆ.

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ. ರಾತ್ರಿ ಇಲ್ಲಿ ಹೆರಿಗೆಯಲ್ಲಿ ಸತ್ತ ಪದ್ಮಲತಾ ಅಲ್ಲಿಯ ಶಾಂತರಾಜರ ಮಗಳು. ಗಂಡನ ಮನೆಯವರು ಹತ್ತು ಗಂಟೆಯ ಮೇಲೆ ಕಾಯುವುದಿಲ್ಲ.

ಸಾವಿನ ಸುದ್ದಿ ಮುಟ್ಟಿಸುವುದು ಮರುಳಪ್ಪನವರ ಕಸುಬು. ಅಪ್ಪ ನಡೆದು ಮಾಡುತ್ತಿದ್ದ ಕೆಲಸವನ್ನು ಇವರು ಮಿಲಿಟರಿ ಹರಾಜಿನಲ್ಲಿ ಕೊಂಡ ಗಾಡಿಯ ಮೇಲೆ ಮಾಡುತ್ತಾರೆ. ಅಪ್ಪನ ಕಟ್ಟಳೆ ಮಾತ್ರ ಹಾಗೇ ಉಳಿದಿದೆ: ಸುದ್ದಿ ತಂದವನು ಆ ಮನೆಯಲ್ಲಿ ಕೂರಬಾರದು, ನೀರು ಕುಡಿಯಬಾರದು, ಏನನ್ನೂ ಕೇಳಬಾರದು, ಹೊರಡುವಾಗ ‘ಬತ್ತೀನಿ’ ಎನ್ನಬಾರದು. ದಾರಿಯಲ್ಲಿ ಬಂಕ್ ಇಲ್ಲ. ಆದ್ದರಿಂದ ಹೋಗಿ ಬರುವಷ್ಟು ಪೆಟ್ರೋಲು ಹೊರಡುವಾಗಲೇ ಟ್ಯಾಂಕಿನಲ್ಲಿರಬೇಕು.

“ಗ್ಯಾಲನ್ನಿಗೆ ಎಪ್ಪತ್ತು ಮೈಲಿ ಅಂದಿದ್ದ ಮಾರಿದೋನು. ಅವ್ನು ಈ ರಸ್ತೇಲಿ ಓಡ್ಸಿದ್ನಾ? ಏರು ಐತೆ, ಎದುರುಗಾಳಿ ಐತೆ. ಹಿಂದೆ ಆಳು ಕೂತ್ರಂತೂ ಲೆಕ್ಕನೇ ಕೆಡ್ತೈತೆ ಕಣ್ರೀ,” ಎನ್ನುತ್ತಾರೆ ಮರುಳಪ್ಪ.

ಪಕ್ಕದ ಮನೆಯವನಾದ ನನ್ನನ್ನೂ ಕೂರಿಸಿಕೊಳ್ಳುವುದಿಲ್ಲ. ಮುಂದಿನದನ್ನು ಸಂಜೆ ಅವರೇ ಹೇಳುತ್ತಾರೆ.

ಬಸ್ತಿಹಳ್ಳಿಯಲ್ಲಿ ಸುದ್ದಿ ಕೇಳಿದ ಶಾಂತರಾಜರು ಅಳುವುದಿಲ್ಲ. ಹೆಗಲಿಗೆ ವಸ್ತ್ರ ಹಾಕಿಕೊಂಡು, ಬಸ್ಸು ಅರಸೀಕೆರೆ ಮುಟ್ಟುವಾಗ ಮಧ್ಯಾಹ್ನವಾಗುತ್ತದೆ, ತಮ್ಮನ್ನು ಕೂರಿಸಿಕೊಂಡು ಹೋಗು ಎನ್ನುತ್ತಾರೆ. ಇಬ್ಬರಿಗೆ ಪೆಟ್ರೋಲು ಸಾಲದೆಂದು ಮರುಳಪ್ಪನವರಿಗೆ ಗೊತ್ತು. ಪಂಪ್‌ಸೆಟ್ ಚಾಲೂ ಮಾಡಲು ಇಟ್ಟ ಪೆಟ್ರೋಲಿನ ಸೀಸೆ ಜಗುಲಿಯ ಮೇಲೇ ಕಾಣುತ್ತಿದೆ. ಕೇಳಬಾರದು. ಕೇಳುವುದಿಲ್ಲ. ಮುದುಕರನ್ನು ಹಿಂದೆ ಕೂರಿಸಿಕೊಂಡು ಹೊರಡುತ್ತಾರೆ.

ಇಳಿಜಾರು ಸಿಕ್ಕಲ್ಲೆಲ್ಲ ಎಂಜಿನ್ ಆರಿಸಿ ಗಾಡಿಯನ್ನು ಉರುಳಲು ಬಿಡುತ್ತಾರೆ. ಆದರೂ ಊರು ಇನ್ನೂ ನಾಲ್ಕು ಮೈಲಿ ಇರುವಾಗ ಗಾಡಿ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಇಬ್ಬರೂ ನಡೆಯುತ್ತಾರೆ. ಮುದುಕರ ನಡಿಗೆ. ಸ್ಮಶಾನ ಮುಟ್ಟುವಾಗ ಚಿತೆಗೆ ಬೆಂಕಿ ಹತ್ತಿ ಬಹಳ ಹೊತ್ತಾಗಿದೆ.

ಶಾಂತರಾಜರು ಬೆಂಕಿಯನ್ನೇ ನೋಡುತ್ತ ನಿಲ್ಲುತ್ತಾರೆ. ಗಾಡಿ ಯಾಕೆ ನಿಂತಿತೆಂದು ಆಗ ಕೇಳುತ್ತಾರೆ. ಮರುಳಪ್ಪ ಹೇಳುತ್ತಾರೆ.

“ನಮ್ಮ ಜಗುಲಿ ಮೇಲೇ ಪೆಟ್ರೋಲ್ ಇತ್ತಲ್ಲಪ್ಪ. ಕೇಳಬಾರದಾಗಿತ್ತೆ?”

ಸಂಜೆ ಮರುಳಪ್ಪ ಕಡ್ಡಿಯನ್ನು ಒರೆಸಿ ಸೂರಿಗೆ ಸಿಕ್ಕಿಸುತ್ತಾರೆ.

“ನಮ್ಮಪ್ಪಂಗೆ ಕಾಲಿತ್ತು, ಯಾರನ್ನೂ ಏನೂ ಕೇಳೋ ಹಂಗಿರ್ಲಿಲ್ಲ. ಇನ್ಮೇಲೆ ನಾನು ಕೇಳ್ತೀನಿ. ಕೂರಲ್ಲ, ನೀರು ಕುಡಿಯಲ್ಲ, ಬತ್ತೀನಿ ಅನ್ನಲ್ಲ. ಪೆಟ್ರೋಲು ಮಾತ್ರ ಕೇಳ್ತೀನಿ.”