ದೊಡ್ಡೇರಿ ಬಾವಿಯ ಈಜುಗಾರ ಮಲ್ಪೆ ಸಮುದ್ರದಲ್ಲಿ

ಗೆಳೆಯರೇ, ಇವತ್ತು ಮಲ್ಪೆಯಲ್ಲಿ ರಬ್ಬರ್ ದೋಣಿ ಹತ್ತುವ ಮುಂಚೆ ದೋಣಿಯವನು ಲೈಫ್ ಜಾಕೆಟ್ ಹಾಕಿ ಅಂದ. ನನಗೆ ರೇಗಿತು. "ದೊಡ್ಡೇರಿ ಬಾವೀಲಿ ಈಜಿದೋನು ಕಣಯ್ಯ. ಬುರುಡೆ ಕಟ್ಕಳಾಕೆ ನಾನೇನು ಚಿಕ್ಕ ಹುಡ್ಗನಾ?"

ನಮ್ಮ ಕಡೆ ಈಜು ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಾರೆ. ನನಗೆ ಕಟ್ಟಿದವನು ಈಗ ಮಲ್ಪೆಗೆ ಜೊತೆಯಲ್ಲಿ ಬಂದಿದ್ದ ಗೆಳೆಯ ರಂಗಪ್ಪ. ಇವತ್ತೂ ಅವನೇ, "ಬಾವೀಲಿ ಅಲೆ ಇರ್ತಾವೇನ್ಲಾ? ಸುಮ್ಕೆ ನಿಂತ್ಕ" ಎಂದು ಬಲವಂತವಾಗಿ ಜಾಕೆಟ್ ಬಿಗಿದ.

ನಡುನೀರಿನಲ್ಲಿ ದೋಣಿ ಮಗುಚಿತು. ಉಪ್ಪುನೀರು ಮೂಗಿಗೆ ಹೊಕ್ಕು ಕೈಕಾಲೇ ಆಡಲಿಲ್ಲ. ಜಾಕೆಟ್ಟೇ ನನ್ನನ್ನು ತೇಲಿಸಿತು.

ದಡಕ್ಕೆ ಬಂದವನೇ, "ಊರಲ್ಲಿ ಬಾಯಿ ಬುಟ್ರೆ ನೋಡ್ಕ" ಎಂದು ರಂಗಪ್ಪನನ್ನೇ ಬೈದೆ. ನಿನ್ನಿಂದ ಬದುಕಿದೆ ಎಂದು ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಇಲ್ಲಿ ಬರೆದೆ. ಅವನದು ಬಟನ್ ಫೋನು. ಯಾರಾದರೂ ಅವನಿಗೆ ಇದನ್ನು ಓದಿ ಹೇಳಿ.