ಹಳಿ ಹತ್ತುವ ಲಾರಿ

ಹೋದ ವಾರ ನಾನೊಂದು ಸುಳ್ಳು ಹೇಳಿದೆ.

ದೊಡ್ಡ ಸುಳ್ಳೇನಲ್ಲ. ಚಹಾ ಕುಡಿಯುತ್ತ ಹೇಳುವಷ್ಟರದು. ಆದರೆ ಅದರಿಂದಾಗಿ ಅರವತ್ತು ದಾಟಿದ ಮನುಷ್ಯರೊಬ್ಬರು ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ನಡೆದದ್ದು ಇಷ್ಟು. ಸಿಮೆಂಟ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್ ಆಗಿರುವ ಗೆಳೆಯನ ಮನೆಗೆ ಹೋಗಿದ್ದೆ. ಅವನ ಟೇಬಲ್ಲಿನ ಮೇಲೆ ಅಮೆರಿಕದ ಒಂದು ಹಳೇ ಪತ್ರಿಕೆ. ನಡುಪುಟದಲ್ಲಿ ಫೋಟೋ. ಲಾರಿಯ ಹಿಂದೆ ಕಟ್ಟುವ ಉದ್ದನೆಯ ಟ್ರೇಲರ್. ಅದರಲ್ಲೇನು ವಿಶೇಷ ಅಂದಿರಾ? ರಬ್ಬರಿನ ಗಾಲಿಯ ಪಕ್ಕದಲ್ಲೇ ರೈಲಿನ ಕಬ್ಬಿಣದ ಗಾಲಿಯೂ ಇದೆ! ರಸ್ತೆಯ ಮೇಲೆ ಓಡುವಾಗ ಕಬ್ಬಿಣದ್ದು ಮೇಲಿರುತ್ತದೆ. ಸ್ಟೇಷನ್ ಬಂತೋ, ಹಳಿಯ ಮೇಲೆ ತಂದು ನಿಲ್ಲಿಸಿ, ಕಬ್ಬಿಣದ್ದನ್ನು ಇಳಿಸಿ ರಬ್ಬರಿನದನ್ನು ಎತ್ತುತ್ತಾರೆ. ಲಾರಿಯನ್ನು ಬಿಚ್ಚುತ್ತಾರೆ. ಇಂಥವನ್ನು ಒಂದರ ಹಿಂದೊಂದು ಜೋಡಿಸಿ ಎಂಜಿನ್ ಕಟ್ಟಿದರೆ ಅದೇ ರೈಲು. ಇಳಿಯುವ ಊರಿನಲ್ಲಿ ಇನ್ನೊಂದು ಲಾರಿ ಬಂದು ಎಳೆದುಕೊಂಡು ಹೋಗಿ ಅಂಗಡಿಯ ಬಾಗಿಲಿಗೆ ಬಿಡುತ್ತದೆ. ಒಳಗಿರುವ ಮಾಲನ್ನು ನಡುವೆ ಒಬ್ಬನೂ ಮುಟ್ಟುವುದಿಲ್ಲ.

ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಯಾಕೆಂದು ಶಹಾಬಾದಿನವರನ್ನು ಕೇಳಿ. ನಾನು ಇಲ್ಲಿನ ಕಲ್ಲಿನ ಪಾಲಿಶ್ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ಮುನೀಮ. (ಈ ಅಂಕಣ ಬರೆದೇ ನನ್ನ ಹೊಟ್ಟೆ ತುಂಬುತ್ತದೆ ಎಂದು ತಿಳಿದವರಿಗೆ ದೊಡ್ಡ ನಮಸ್ಕಾರ.) ನಿಮ್ಮ ಮನೆಯ ನೆಲಕ್ಕೆ ಹಾಕುವ ಫರಸಿ ಕಲ್ಲು ಇದೆಯಲ್ಲ, ಅದು ನಿಮ್ಮ ಕಾಲಿಗೆ ಸಿಗುವ ಮೊದಲು ಎಷ್ಟು ಜನರ ಕೈಗೆ ಸಿಗುತ್ತದೆ ಗೊತ್ತೆ? ಗಣಿಯಿಂದ ಗಾಡಿಗೆ, ಗಾಡಿಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಲಾರಿಗೆ, ಲಾರಿಯಿಂದ ಗೂಡ್ಸ್ ಶೆಡ್ಡಿಗೆ, ಶೆಡ್ಡಿನಿಂದ ವ್ಯಾಗನ್ನಿಗೆ. ಹೋದ ಊರಿನಲ್ಲಿ ಇದೆಲ್ಲ ಉಲ್ಟಾ. ಎತ್ತಿದಾಗೊಮ್ಮೆ, ಇಳಿಸಿದಾಗೊಮ್ಮೆ ಒಂದೆರಡು ಟಣ್ ಎಂದು ಒಡೆಯುತ್ತವೆ. ಆ ಸದ್ದು ಕೇಳಿ ಕೇಳಿಯೇ ನನ್ನ ತಲೆ ನರೆತಿದೆ.

ಪತ್ರಿಕೆಯನ್ನು ಕೇಳಿ ಇಸಿದುಕೊಂಡೆ. ಮರುದಿನ ಸೀದಾ ಗೂಡ್ಸ್ ಶೆಡ್ಡಿಗೆ ಹೋದೆ. ಅವತ್ತು ಬೆಳಿಗ್ಗೆಯಷ್ಟೇ ಹಮಾಲರು ನನ್ನ ಆರು ಫರಸಿ ಒಡೆದಿದ್ದರು. ಅರ್ಧ ಸಿಟ್ಟು, ಅರ್ಧ ಚೇಷ್ಟೆ. ಚಹಾ ಕುಡಿಯುತ್ತ ಕೂತಿದ್ದ ಗ್ಯಾಂಗಿನ ನಡುವೆ ಪತ್ರಿಕೆ ಬಿಚ್ಚಿ, ಚಿತ್ರ ತೋರಿಸಿ, ಅದರ ಮಹಿಮೆಯನ್ನೆಲ್ಲ ವಿವರಿಸಿ, ಕೊನೆಗೆ ಅಂದೆ:

"ಬರೋ ವರ್ಷ ನಮ್ಮ ಶಹಾಬಾದಿಗೂ ಬರ್ತದ. ಆರ್ಡರ್ ಆಗ್ಯಾದ."

ಎಲ್ಲಿಯ ಆರ್ಡರು, ಎಲ್ಲಿಯ ಟ್ರೇಲರು! ನಮಗೆ ವೇಳೆಗೆ ಸರಿಯಾಗಿ ಖಾಲಿ ವ್ಯಾಗನ್ ಸಿಕ್ಕರೇ ಅವತ್ತು ಹಬ್ಬ.

ಹುಡುಗರು ನಕ್ಕರು. "ಹಂಗಾದ್ರ ನಾವೆಲ್ಲ ಡ್ರೈವರ್ ಆಗ್ತೀವಿ ತಗೋರಿ" ಅಂದರು. ನಗದೆ ಇದ್ದವರು ಗ್ಯಾಂಗಿನ ಮೇಸ್ತ್ರಿ ಶರಣಪ್ಪ ಕಾಕಾ ಒಬ್ಬರೇ. ಮೂವತ್ತು ವರ್ಷದಿಂದ ಅದೇ ಶೆಡ್ಡಿನಲ್ಲಿ ಫರಸಿ ಹೊತ್ತವರು. ಬಲಗೈಯ ತೋರುಬೆರಳು ಬುಡದಿಂದಲೇ ಇಲ್ಲ. ಹರೆಯದಲ್ಲಿ ಎರಡು ಕಲ್ಲಿನ ನಡುವೆ ಸಿಕ್ಕಿ ಹೋದದ್ದು. ಆ ಕೈಯಲ್ಲೇ ಪತ್ರಿಕೆ ಹಿಡಿದು ಬಹಳ ಹೊತ್ತು ನೋಡಿದರು.

"ಮುನೀಮ್ರೇ, ಅಂದ್ರ ಆ ಕಡಿ ಶೆಡ್ಡಿನ್ಯಾಗೂ ಹಮಾಲ್ರು ಇಳಸಂಗಿಲ್ಲೇನ್ರಿ? ಸೊಲ್ಲಾಪುರದಾಗ?"

"ಶೆಡ್ಡಿಗಿ ಹೋಗಂಗೇ ಇಲ್ಲ ಕಾಕಾ. ಸೀದಾ ಸಾವಕಾರ್ರ ಅಂಗಡಿಗಿ. ಯಾರೂ ಕೈ ಹಚ್ಚಂಗಿಲ್ಲ."

ಪತ್ರಿಕೆ ಮಡಚಿ ನನಗೆ ಕೊಟ್ಟು ಎದ್ದರು. ಚಹಾ ಹಾಗೇ ಉಳಿಯಿತು. ಹೊಟ್ಟೆಪಾಡಿನ ಚಿಂತೆ ಹತ್ತಿತು ಅಂದುಕೊಂಡೆ. ಒಡೆದ ಆರು ಫರಸಿಗೆ ಇದು ಸರಿಯಾಯಿತು ಎಂದೂ ಅಂದುಕೊಂಡೆ. (ನಾನು ಅಷ್ಟೇನೂ ಒಳ್ಳೆಯವನಲ್ಲ, ನಿಮಗೆ ಗೊತ್ತೇ ಇದೆ.)

ರವಿವಾರ ಬೆಳಿಗ್ಗೆ ಕಾಕಾ ನಮ್ಮ ಮನೆಗೆ ಬಂದರು. ಒಗೆದ ಧೋತರ, ಹೆಗಲ ಮೇಲೆ ಟವೆಲ್ಲು. ಹೆಂಡತಿ "ಕುಂದರ್ರಿ ಕಾಕಾ" ಅಂದಳು. ಕುರ್ಚಿ ಬಿಟ್ಟು ಗೋಡೆಗೆ ಒರಗಿ ನೆಲದ ಮೇಲೆ ಕೂತರು.

"ಆ ಗಾಡಿ ಖರೇನೇ ಬರ್ತದೇನ್ರಿ?"

"ನಿಮ್ಮ ಕೆಲಸಕ್ಕ ಏನೂ ಆಗಂಗಿಲ್ಲ ಕಾಕಾ" ಎಂದು ನಾನು ಸಮಾಧಾನಕ್ಕೆ ಹೊರಟೆ.

"ಕೆಲಸದ ಮಾತಲ್ರಿ. ನನ್ನ ಮಹಾದೇವಿ ಮಾತು."

ಮಹಾದೇವಿಯ ಅರ್ಧ ಕಥೆ ಇಡೀ ಶಹಾಬಾದಿಗೆ ಗೊತ್ತು. ಕಾಕಾ ಅವರ ಒಬ್ಬಳೇ ಮಗಳು. ಏಳು ವರ್ಷದ ಹಿಂದೆ, ಅವರದೇ ಗ್ಯಾಂಗಿನ ಲಚಮಣ್ಣ ಎಂಬ ಹುಡುಗನನ್ನು ಮೆಚ್ಚಿ ಅವನ ಜೊತೆ ಹೋದಳು. ಬೇರೆ ಜಾತಿ. ಫರಸಿಯನ್ನು ಮಲಗಿಸಬಾರದು, ನಡುವೆ ಹುಲ್ಲು ಕೊಟ್ಟು ನಿಲ್ಲಿಸಬೇಕು ಎಂಬುದರಿಂದ ಹಿಡಿದು ಎಲ್ಲ ಕೆಲಸವನ್ನೂ ಅವನಿಗೆ ಕಲಿಸಿದವರು ಇವರೇ. ಹುಡುಗ ಹುಡುಗಿ ಇಬ್ಬರೂ ಸೊಲ್ಲಾಪುರದಲ್ಲಿ ಸಂಸಾರ ಹೂಡಿದರು. ಲಚಮಣ್ಣ ಅಲ್ಲಿನ ಗೂಡ್ಸ್ ಶೆಡ್ಡಿನಲ್ಲಿ ಹಮಾಲನಾದ. ಸುದ್ದಿ ತಿಳಿದ ದಿನ ಕಾಕಾ ಓಣಿಯ ನಡುವೆ ನಿಂತು, "ಅಕಿ ಮನಿ ಹೊಸ್ತಿಲಾ ತುಳದ್ರ ನಾ ನಮ್ಮಪ್ಪಗ ಹುಟ್ಟಿದವನೇ ಅಲ್ಲ" ಎಂದು ಕೂಗಿದ್ದರು. ಒಳಗೆ ಆಡಿದ ಮಾತಾಗಿದ್ದರೆ ನುಂಗಿಕೊಳ್ಳಬಹುದಿತ್ತು. ಓಣಿಯೆಲ್ಲ ಕೇಳಿಸಿಕೊಂಡ ಮಾತನ್ನು ಒಬ್ಬನೇ ಹೇಗೆ ನುಂಗುವುದು? ಅವರು ಹೋಗಲೇ ಇಲ್ಲ.

ಉಳಿದರ್ಧ ಕಥೆ ನನಗೆ ಗೊತ್ತಾದದ್ದು ಈ ರವಿವಾರ.

ವ್ಯಾಗನ್ ತುಂಬಿದ ಮೇಲೆ, ಬಾಗಿಲ ಹತ್ತಿರದ ಕೊನೆಯ ಫರಸಿಗೆ ಗ್ಯಾಂಗಿನ ಗುರುತು ಹಾಕುವುದು ನಮ್ಮ ಕಡೆಯ ಪದ್ಧತಿ. ಮಾಲು ಒಡೆದು ಹೋದರೆ ತುಂಬಿದವರು ಯಾರೆಂದು ತಿಳಿಯಬೇಕಲ್ಲ. ಶರಣಪ್ಪ ಕಾಕಾ ಗ್ಯಾಂಗಿನ ಗುರುತು ಕೆಮ್ಮಣ್ಣಿನ ಎರಡು ಗೀಟು. ವಾಡಿಯಿಂದ ಮದ್ರಾಸಿನ ತನಕ ಯಾವ ಊರಿಗೆ ಹೋದರೂ ಎರಡೇ ಗೀಟು. ಸೊಲ್ಲಾಪುರದ ವ್ಯಾಗನ್ನಿಗೆ ಮಾತ್ರ ಅವರು ಕೆಮ್ಮಣ್ಣಿನಲ್ಲಿ ಅಂಗೈ ಅದ್ದಿ ಪೂರಾ ಕೈಯನ್ನೇ ಒತ್ತುತ್ತಿದ್ದರು. ನಾಲ್ಕು ಬೆರಳಿನ ಕೈ. ಏಳು ವರ್ಷ. ಒಂದೊಂದು ಫರಸಿಯನ್ನೂ ಎಣಿಸುವ ಮುನೀಮ ನಾನು, ಇದನ್ನು ನೋಡಿಯೇ ಇರಲಿಲ್ಲ. ನೋಡಿದ್ದರೂ ಕಲ್ಲಿಗೆ ಹೊಲಸು ಹಚ್ಚಿದರು ಎಂದು ಗೊಣಗುತ್ತಿದ್ದೆ, ಅಷ್ಟೇ.

"ಕಾಲು ಇಡಂಗಿಲ್ಲಂತ ಅಂದೀನ್ರಿ, ಕೈ ಇಡಂಗಿಲ್ಲಂತ ಅಂದಿಲ್ಲ" ಅಂದರು ಕಾಕಾ. "ಲಚಮ್ಯಾ ಇಳಸ್ತಾನ. ಅವಗ ನನ್ನ ಕೈ ಗುರ್ತದ. ಮನಿಗಿ ಹೋಗಿ ಹೇಳ್ತಾನ, ನಿಮ್ಮಪ್ಪ ಆರಾಮ ಇದ್ದಾನಂತ."

"ಹೇಳ್ತಾನಂತ ನಿಮಗ ಹ್ಯಾಂಗ ಗೊತ್ತು?"

"ಹೋದ ವರ್ಷ ಸೊಲ್ಲಾಪುರದ ಲಾರಿಯವ ಒಬ್ಬ ಬಂದಿದ್ದ. ಅವರ ಮನಿ ನೋಡ್ಯಾನ. ಕೈ ಮೂಡಿದ್ದ ಫರಸಿ ಒಂದು ಸೀಳಿತ್ತಂತ, ಲಚಮ್ಯಾ ಸಾವಕಾರ್ರಿಗಿ ಕೇಳಿ ಮನಿಗಿ ಒಯ್ದಾನ. ಬಾಗಲ ಮುಂದ ಹಾಕ್ಯಾರ. ಮಹಾದೇವಿ ಅದರ ಮ್ಯಾಲ ಕಾಲು ಇಡಂಗಿಲ್ಲಂತ, ದಾಟಿ ಹೋಗ್ತಾಳಂತ. ಮಳ್ಯಾಗ ಬಣ್ಣ ಹೋತಂದ್ರ ತಾನೇ ಕೆಮ್ಮಣ್ಣು ಕಲಿಸಿ ಮತ್ತ ತುಂಬತಾಳಂತ. ಸಣ್ಣದೊಂದು ಹೆಣ್ಣು ಕೂಸು ಅದ. ಅದು ಆ ಕೈ ಮ್ಯಾಲ ತನ್ನ ಕೈ ಇಟ್ಟು ನೋಡ್ತದಂತ."

ನನ್ನ ಹೆಂಡತಿ ಚಹಾದ ಕಪ್ಪು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಆ ಗಾಡಿ ಬಂತಂದ್ರ ಲಚಮ್ಯಾ ಮಾಲಿಗಿ ಕೈ ಹಚ್ಚಂಗಿಲ್ಲ. ನಾ ಬದುಕೀನಂತ ಅಕಿಗಿ ಹ್ಯಾಂಗ ತಿಳೀಬೇಕ್ರಿ, ಮುನೀಮ್ರೇ?"

ನನಗೆ ನಾಚಿಕೆಯಾಯಿತು. ಕಾಗದ ಬರೆದುಕೊಡುತ್ತೇನೆ ಅಂದೆ. ಏನಂತ ಬರೆಯಲಿ ಎಂದು ಕೇಳಿದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಏಳು ವರ್ಷದ್ದನ್ನು ಒಂದು ಕಾರ್ಡಿನಲ್ಲಿ ಬರೆಸುವುದು ಯಾರಿಂದ ಆಗುತ್ತದೆ?

ಇನ್ನು ತಡೆಯಲಾಗದೆ ಹೇಳಿಬಿಟ್ಟೆ. ಅದು ಅಮೆರಿಕದ ಗಾಡಿ, ಇಲ್ಲಿಗೆ ಬರುವುದಿಲ್ಲ, ಆರ್ಡರ್ ಗೀರ್ಡರ್ ಎಲ್ಲ ನಾನು ಕಟ್ಟಿದ್ದು. ಬೈಯಲಿ ಎಂದು ತಲೆ ತಗ್ಗಿಸಿ ಕೂತೆ. ಅವರು ಬೈದರೆ ನನಗೂ ಹಗುರವಾಗುತ್ತಿತ್ತು.

"ಹೌದೇನ್ರಿ" ಅಂದರು. ಸಣ್ಣಗೆ ನಕ್ಕರು. ಎದ್ದು ಹೋಗುತ್ತಾರೆ ಅಂದುಕೊಂಡೆ. ಏಳಲಿಲ್ಲ.

"ನಾಕು ದಿನ ಊಟಾನೂ ಸೇರವಲ್ದು, ಇದೇ ವಿಚಾರ ಮಾಡ್ಲಿಕತ್ತೀನ್ರಿ. ಗಾಡಿ ಬರ್ಲಿ ಬಿಡ್ಲಿ, ನಾ ಇನ್ನೆಷ್ಟು ದಿನ ಫರಸಿ ಎತ್ತಲಿ? ಈಗೇ ನಡು ಹಿಡೀತದ. ಒಂದಿನ ವ್ಯಾಗನ್ ಹೋಗ್ತದ, ಅದರಾಗ ಕೈ ಇರಂಗಿಲ್ಲ. ಅವತ್ತು ಅಕಿ ಏನಂತ ತಿಳಕೋಬೇಕು?"

ಹೆಂಡತಿಯ ಕೈಯಿಂದ ಚಹಾದ ಕಪ್ಪು ಇಸಿದುಕೊಂಡು ಅವರ ಮುಂದಿಟ್ಟೆ.

ಆ ಚಿತ್ರ ನೋಡಿದಾಗ ನನಗೆ ಅಷ್ಟು ಖುಷಿಯಾದದ್ದು ಯಾಕೆ? ನಡುವೆ ಯಾರೂ ಬೇಡ, ಯಾರ ಕೈಯೂ ಬೇಡ, ಇಲ್ಲಿ ಹಾಕಿದ್ದು ಹಾಗೆಯೇ ಅಲ್ಲಿ ಇಳಿದರೆ ಸಾಕು ಎಂಬ ಆಸೆ. ಮುಟ್ಟಿದರೆ ಒಡೆಯುತ್ತದೆ, ನಿಜ. ಮುಟ್ಟದೆ ಹೋದರೆ? ಮಾಲು ಇಡಿಯಾಗಿ ತಲುಪುತ್ತದೆ. ಸೊಲ್ಲಾಪುರದ ಆ ಮನೆಗೆ ಮಾತ್ರ ಏನೂ ತಲುಪುವುದಿಲ್ಲ. ನಾನು ಈ ಲೆಕ್ಕ ಹಾಕಿರಲಿಲ್ಲ. ನನಗೂ ಚಿತ್ತಾಪುರದಲ್ಲಿ ಒಬ್ಬ ಅಣ್ಣ ಇದ್ದಾನೆ, ಮಾತು ಬಿಟ್ಟು ಮೂರು ವರ್ಷವಾಯಿತು. ಆ ವಿಷಯ ಇವತ್ತು ಬೇಡ.

ಕಾಕಾ ಚಹಾ ಕುಡಿದು ಮುಗಿಸಿ ಎದ್ದರು. ಅಂಗಳಕ್ಕಿಳಿದು ಚಪ್ಪಲಿ ಮೆಟ್ಟಿಕೊಂಡರು. ಒಂದನ್ನು ಮೆಟ್ಟಿ, ಇನ್ನೊಂದನ್ನು ಮೆಟ್ಟುವ ಮೊದಲು, ನನ್ನ ಮುಖ ನೋಡದೆ ಕೇಳಿದರು:

"ಮುನೀಮ್ರೇ, ಮುಂಜಾನಿ ಸೊಲ್ಲಾಪುರ ಕಡಿ ಹೋಗೋ ಪ್ಯಾಸೆಂಜರ್ ಎಷ್ಟು ಗಂಟೇಕ್ಕ ಅದ್ರಿ?"

ಚೇಷ್ಟೆಯ ಮಾತೊಂದು ನಾಲಿಗೆಯ ತುದಿಗೆ ಬಂದಿತ್ತು, ತಡೆದುಕೊಂಡೆ. ಹೇಳಿದೆ. "ನಾಳಿಗೇ ಹೋಗಿ ಬರ್ರಿ ಕಾಕಾ, ಗ್ಯಾಂಗ್ ನಾ ನೋಡ್ಕೋತೀನಿ" ಎಂದೂ ಅಂದೆ. ಅವರು ತಲೆಯಾಡಿಸಿ, ಮೊದಲ ಸಲ ಕೇಳುವವರ ಹಾಗೆ ಆ ಟೈಮನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡು ಹೋದರು.

ಮೂವತ್ತು ವರ್ಷ ದಿನಾ ಬೆಳಿಗ್ಗೆ ಆ ಪ್ಯಾಸೆಂಜರ್ ಕಣ್ಣೆದುರೇ ಹೊರಡುವುದನ್ನು ನೋಡಿದ ಮನುಷ್ಯ, ನನ್ನನ್ನು ಕೇಳಿದ್ದು ಬರೀ ಟೈಮನ್ನೇ ಏನು?